ಅಪ್ಪನ ಮಾತು ನಿಂತಿದೆ: ಮೆದುಳಿನ ಚಿಪ್‌ಗೆ ಕಾಯಬೇಕಾ, ಈಗಲೇ ಏನಾದರೂ ಮಾಡಬಹುದಾ?

ತುಂಗಾ_ತೀರ, ಶಿವಮೊಗ್ಗ

ಎಲ್ಲರಿಗೂ ನಮಸ್ಕಾರ. ಇಲ್ಲಿ ಓದುತ್ತಾ ಒಂದು ವರ್ಷ ಆಯಿತು, ಬರೆಯುತ್ತಿರುವುದು ಮೊದಲ ಸಲ.

ಅಪ್ಪನಿಗೆ 67 ವರ್ಷ. ಸರ್ಕಾರಿ ಶಾಲೆಯಲ್ಲಿ 34 ವರ್ಷ ಕನ್ನಡ ಮೇಷ್ಟ್ರಾಗಿದ್ದರು. ನಿವೃತ್ತಿ ಆದ ಮೇಲೂ ಸಂಜೆಯಾದರೆ ಓಣಿಯ ಮಕ್ಕಳೆಲ್ಲ ನಮ್ಮ ಜಗಲಿಯಲ್ಲೇ. ಎರಡು ವರ್ಷದ ಹಿಂದೆ ಒಂದು ದಿನ, ಪೆನ್ನು ಕೈಯಲ್ಲಿ ನಿಲ್ಲುತ್ತಿಲ್ಲ ಅಂದರು. ಆಮೇಲೆ ಆಸ್ಪತ್ರೆ, ಪರೀಕ್ಷೆ, ಮತ್ತೆ ಪರೀಕ್ಷೆ. ಕೊನೆಗೆ ಎಎಲ್‌ಎಸ್ ಅಂತ ಹೇಳಿದರು, ಸ್ನಾಯುಗಳನ್ನು ಆಡಿಸುವ ನರಕೋಶಗಳು ಒಂದೊಂದಾಗಿ ಸಾಯುವ ಕಾಯಿಲೆ. ಈಗ ಕೈಕಾಲು ಆಡುವುದಿಲ್ಲ. ಊಟ ಹೊಟ್ಟೆಯ ಟ್ಯೂಬಿನಲ್ಲಿ. ನಾಲ್ಕು ತಿಂಗಳಿಂದ ಮಾತು ಪೂರ್ತಿ ನಿಂತಿದೆ.

ಬುದ್ಧಿ ಮಾತ್ರ ಎಳ್ಳಷ್ಟೂ ಮಸುಕಾಗಿಲ್ಲ. ರೇಡಿಯೋದಲ್ಲಿ ವಾರ್ತೆ ಓದುವವರು ಹಕಾರ ತಪ್ಪಿಸಿದರೆ ಈಗಲೂ ಅಪ್ಪನ ಹುಬ್ಬು ಗಂಟಿಕ್ಕುತ್ತದೆ.

ವಾಟ್ಸಾಪ್‌ನಲ್ಲಿ ನೆಂಟರು ದಿನಾ ವಿಡಿಯೋ ಕಳಿಸುತ್ತಾರೆ. ಒಬ್ಬ ಅಮೆರಿಕದವನು ಮೆದುಳಿನಲ್ಲಿ ಚಿಪ್ ಹಾಕಿಸಿಕೊಂಡು ಯೋಚನೆಯಲ್ಲೇ ಚೆಸ್ ಆಡುತ್ತಾನೆ. ನಮ್ಮ ಚಿಕ್ಕಪ್ಪ ಅರ್ಧ ಎಕರೆ ಅಡಿಕೆ ತೋಟ ಮಾರೋಣ, ಅದನ್ನೇ ಹಾಕಿಸೋಣ ಅಂತ ಕೂತಿದ್ದಾರೆ. ಇನ್ನೊಂದು ಕಡೆ ಒಂದು ಕಂಪನಿಯವರು ಫೋನ್ ಮಾಡಿ, ತಲೆಗೆ ಕಟ್ಟುವ ಬ್ಯಾಂಡ್ ಇದೆ, 85 ಸಾವಿರ, ಮೂರು ತಿಂಗಳಲ್ಲಿ ಅಪ್ಪ ಮಾತಾಡುತ್ತಾರೆ ಅಂದರು.

ಯಾವುದನ್ನು ನಂಬಬೇಕು? ಅಪ್ಪ ಏನೋ ಹೇಳಬೇಕು ಅಂತ ನನ್ನನ್ನೇ ನೋಡುತ್ತಾ ಇರುತ್ತಾರೆ. ನಾನು ನೀರಾ, ದಿಂಬಾ, ಫ್ಯಾನಾ ಅಂತ ಕೇಳುತ್ತಾ ಹೋಗುತ್ತೇನೆ. ಅರ್ಧ ಗಂಟೆ ಆದ ಮೇಲೆ ಅವರೇ ಕಣ್ಣು ಮುಚ್ಚಿಬಿಡುತ್ತಾರೆ. ಅದನ್ನು ನೋಡೋದು ಬಹಳ ಕಷ್ಟ.

ಸಿಗ್ನಲ್_ಹುಡುಗ, ಬೆಂಗಳೂರು

ಮೊದಲು ಒಂದೇ ಮಾತು: ತೋಟ ಮಾರಬೇಡಿ. ಆ ಬ್ಯಾಂಡಿಗೂ ದುಡ್ಡು ಕೊಡಬೇಡಿ. ನಾನು ಆರು ವರ್ಷದಿಂದ ಇಇಜಿ, ಅಂದರೆ ತಲೆಯ ಹೊರಗಿನಿಂದ ಅಳೆಯುವ ಮೆದುಳಿನ ವಿದ್ಯುತ್ ಸಿಗ್ನಲ್‌ಗಳ ಮೇಲೆ ಕೆಲಸ ಮಾಡುತ್ತಿದ್ದೇನೆ. ಗೊತ್ತಿರುವುದನ್ನು ಹೇಳುತ್ತೇನೆ.

ನಿಮ್ಮ ನೆಂಟರು ಕಳಿಸಿದ ವಿಡಿಯೋದಲ್ಲಿರುವವರು ನೋಲಂಡ್ ಆರ್ಬಾ ಇರಬೇಕು. 2016ರಲ್ಲಿ ನೀರಿಗೆ ಧುಮುಕಿದಾಗ ಕುತ್ತಿಗೆಗೆ ಪೆಟ್ಟಾಗಿ ಕೈಕಾಲಿನ ಶಕ್ತಿ ಹೋಯಿತು. 2024ರ ಜನವರಿಯಲ್ಲಿ ನ್ಯೂರಾಲಿಂಕ್ ಕಂಪನಿಯ ಸಾಧನ ಹಾಕಿಸಿಕೊಂಡ ಮೊದಲ ಮನುಷ್ಯ ಅವರು. ಕೂದಲಿಗಿಂತ ತೆಳುವಾದ 64 ಎಳೆ, ಅದರಲ್ಲಿ ಮೆದುಳಿನ ಸಿಗ್ನಲ್ ಹಿಡಿಯುವ 1,024 ಎಲೆಕ್ಟ್ರೋಡ್. ಆದರೆ ವಿಡಿಯೋದಲ್ಲಿ ಕಾಣದ ವಿಷಯ ಒಂದಿದೆ. ಕೆಲವೇ ವಾರದಲ್ಲಿ ಬಹಳಷ್ಟು ಎಳೆಗಳು ಮೆದುಳಿನಿಂದ ಹಿಂದಕ್ಕೆ ಸರಿದುಬಿಟ್ಟವು. ಕರ್ಸರ್ ನಿಧಾನವಾಯಿತು. ಉಳಿದ ಎಲೆಕ್ಟ್ರೋಡ್‌ಗಳಿಂದಲೇ ಕೆಲಸ ತೆಗೆಯುವ ಹಾಗೆ ಸಾಫ್ಟ್‌ವೇರ್ ಬದಲಾಯಿಸಿದ ಮೇಲೆ ಮತ್ತೆ ಸರಿಹೋಯಿತು. ಅದು ಟ್ರಯಲ್, ಅಂದರೆ ಇನ್ನೂ ಪರೀಕ್ಷೆಯ ಹಂತ. ಟ್ರಯಲ್‌ಗೆ ಸೇರಿದವರು ಸಾಧನಕ್ಕೆ ದುಡ್ಡು ಕೊಟ್ಟಿರುವುದಿಲ್ಲ. ಹಾಗಾಗಿ ತೋಟ ಮಾರಿದ ದುಡ್ಡನ್ನು ತಗೊಂಡು ಹೋಗಿ ಕೊಳ್ಳುವುದಕ್ಕೆ ಅದು ಅಂಗಡಿಯಲ್ಲಿಲ್ಲ.

ಇದರ ಕತೆ ಹಳೆಯದು. ಮೆದುಳು ಮತ್ತು ಕಂಪ್ಯೂಟರ್ ನಡುವೆ ನೇರ ಸಂಪರ್ಕ ಎಂಬ ಮಾತಿಗೆ ಹೆಸರಿಟ್ಟವರು ಕ್ಯಾಲಿಫೋರ್ನಿಯಾದ ಜಾಕ್ ವಿಡಾಲ್, 1973ರಲ್ಲಿ. 2004ರಲ್ಲಿ ಮ್ಯಾಥ್ಯೂ ನೇಗಲ್ ಎಂಬ ಯುವಕನ ಮೆದುಳಿಗೆ 4 ಮಿಲಿಮೀಟರ್ ಅಗಲದ, 96 ಎಲೆಕ್ಟ್ರೋಡ್‌ಗಳ ಪುಟ್ಟ ಹಣಿಗೆಯಂಥದ್ದನ್ನು ಕೂರಿಸಿದರು. ಅವರು ಕರ್ಸರ್ ಸರಿಸಿದರು, ಟಿವಿ ಚಾನೆಲ್ ಬದಲಾಯಿಸಿದರು. ಅಂದರೆ 20 ವರ್ಷ ಮೀರಿದೆ. ಕೆಲಸ ಮಾಡುವ ತತ್ವ ಸರಳ. ಕೈ ಆಡದಿದ್ದರೂ, ಕೈ ಆಡಿಸಬೇಕು ಅಂತ ನೀವು ಪ್ರಯತ್ನಿಸಿದಾಗ ಮೆದುಳಿನ ಆ ಜಾಗದ ನರಕೋಶಗಳು ಈಗಲೂ ಸದ್ದು ಮಾಡುತ್ತವೆ. ದಾರಿ ಕಡಿದಿದೆ, ಹೊರಟವನು ಹೊರಡುತ್ತಲೇ ಇದ್ದಾನೆ. ಆ ವಿದ್ಯುತ್ ಸದ್ದನ್ನು ಕೇಳಿ ಯಂತ್ರ ಅರ್ಥ ಮಾಡಿಕೊಳ್ಳುತ್ತದೆ.

ನಿಮ್ಮ ಅಪ್ಪನ ಕಾಯಿಲೆಗೆ ಹತ್ತಿರದ್ದು ಕೇಸಿ ಹ್ಯಾರೆಲ್ ಎಂಬವರ ವಿಷಯ. ಅವರಿಗೂ ಎಎಲ್‌ಎಸ್. 2023ರ ಜುಲೈಯಲ್ಲಿ ಕ್ಯಾಲಿಫೋರ್ನಿಯಾದ ಯುಸಿ ಡೇವಿಸ್ ವಿಶ್ವವಿದ್ಯಾಲಯದ ಆಸ್ಪತ್ರೆಯಲ್ಲಿ 256 ಎಲೆಕ್ಟ್ರೋಡ್ ಹಾಕಿದರು. ಅವರು ಮಾತಾಡಲು ಪ್ರಯತ್ನಿಸುತ್ತಾರೆ, ತೊದಲು ಸದ್ದು ಬರುತ್ತದೆ, ಪರದೆಯ ಮೇಲೆ ಪದ ಮೂಡುತ್ತದೆ. 1,25,000 ಪದಗಳ ಪಟ್ಟಿಯಲ್ಲಿ ನೂರಕ್ಕೆ 97ಕ್ಕಿಂತ ಜಾಸ್ತಿ ಪದ ಸರಿಯಾಗಿ ಬರುತ್ತಿತ್ತು. ಕಾಯಿಲೆಗೆ ಮುಂಚಿನ ಧ್ವನಿಮುದ್ರಣಗಳಿಂದ ಅವರದೇ ಧ್ವನಿ ತಯಾರಿಸಿ, ಆ ಧ್ವನಿಯಲ್ಲೇ ಕಂಪ್ಯೂಟರ್ ಓದುತ್ತದೆ. ನಾನು ಆ ವರದಿಯನ್ನು 2024ರಲ್ಲಿ ಓದಿ ರಾತ್ರಿಯಿಡೀ ಮಲಗಲಿಲ್ಲ. ಆದರೆ ಅದು ಒಬ್ಬ ಮನುಷ್ಯ, ಒಂದು ತಂಡ, ಇಂಗ್ಲಿಷ್ ಭಾಷೆ.

ಇನ್ನು ತಲೆಗೆ ಕಟ್ಟುವ ಬ್ಯಾಂಡ್. ಕಲ್ಯಾಣಮಂಟಪದ ಹೊರಗೆ ರಸ್ತೆಯಲ್ಲಿ ನಿಂತುಕೊಳ್ಳಿ. ಗಟ್ಟಿಮೇಳ ಬಾರಿಸಿದಾಗ ಮುಹೂರ್ತ ಆಯಿತು ಅಂತ ಗೊತ್ತಾಗುತ್ತದೆ. ಒಳಗೆ ಸೋದರತ್ತೆ ಮದುಮಗಳ ಕಿವಿಯಲ್ಲಿ ಏನು ಹೇಳಿದಳು ಅಂತ ಗೊತ್ತಾಗುವುದಿಲ್ಲ. ತಲೆಬುರುಡೆಯ ಹೊರಗಿನ ಇಇಜಿ ಅಷ್ಟೇ. ಗಟ್ಟಿಮೇಳದಂಥ ದೊಡ್ಡ ಅಲೆಗಳನ್ನು ಹಿಡಿದು ಒಂದೊಂದೇ ಅಕ್ಷರ ಆರಿಸುವ ವಿಧಾನ 1988ರಿಂದಲೇ ಇದೆ. ಬೇಕಾದ ಅಕ್ಷರ ಮಿನುಗಿದಾಗ, ಸುಮಾರು ಸೆಕೆಂಡಿನ ಮೂರನೇ ಒಂದು ಭಾಗ ಕಳೆದು, ಮೆದುಳಿನಲ್ಲಿ ಒಂದು ಅಲೆ ಏಳುತ್ತದೆ. ಅದನ್ನು ಹಿಡಿಯಬಹುದು. ನಿಧಾನ, ದಣಿವು ಜಾಸ್ತಿ, ಜೆಲ್ ಹಚ್ಚಬೇಕು. ಮೂರು ತಿಂಗಳಲ್ಲಿ ಮಾತು ಬರಿಸುತ್ತೇವೆ ಅಂದವರು ಸುಳ್ಳು ಹೇಳಿದ್ದಾರೆ.

ಧ್ವನಿ_ಥೆರಪಿ, ಮೈಸೂರು

ನಾನು ವಾಕ್ ಚಿಕಿತ್ಸಕಿ. ತುಂಗಾ ಅವರೇ, ನಿಮ್ಮ ಬರಹದಲ್ಲಿ ಒಂದು ಮಾತು ನನ್ನ ಕಣ್ಣಿಗೆ ಬಿತ್ತು. ಅಪ್ಪನ ಹುಬ್ಬು ಗಂಟಿಕ್ಕುತ್ತದೆ ಅಂದಿರಿ. ಕಣ್ಣು ಆಡುತ್ತದೆ ಅಂದಿರಿ. ಅಷ್ಟು ಇದ್ದರೆ ಇವತ್ತು ಸಂಜೆಯೇ ಶುರು ಮಾಡಬಹುದು. ಎಎಲ್‌ಎಸ್‌ನಲ್ಲಿ ಸಾಮಾನ್ಯವಾಗಿ ಕಣ್ಣಿನ ಸ್ನಾಯುಗಳು ಕೊನೆಯವರೆಗೂ ಉಳಿಯುತ್ತವೆ.

ಮೊದಲು ಹೌದು, ಅಲ್ಲ ಎರಡನ್ನು ಗಟ್ಟಿ ಮಾಡಿಕೊಳ್ಳಿ. ಮೇಲೆ ನೋಡಿದರೆ ಹೌದು, ಕೆಳಗೆ ನೋಡಿದರೆ ಅಲ್ಲ. ರೆಪ್ಪೆ ಬಡಿತ ಬೇಡ, ಅದು ತಾನಾಗಿಯೂ ಬಡಿಯುತ್ತದೆ. ಮನೆಯವರೆಲ್ಲ ಒಂದೇ ಸಂಕೇತ ಬಳಸಬೇಕು. ಗೋಡೆಗೆ ಬರೆದು ಅಂಟಿಸಿ. ರಾತ್ರಿ ನೋಡಿಕೊಳ್ಳಲು ಬರುವವರಿಗೂ ಗೊತ್ತಿರಲಿ.

ಆಮೇಲೆ ಅಕ್ಷರ ಹಲಗೆ. ಚಿತ್ರಕ್ಕೆ ಫ್ರೇಮ್ ಹಾಕುವ ಅಂಗಡಿಯಲ್ಲಿ ಪಾರದರ್ಶಕ ಅಕ್ರಿಲಿಕ್ ಹಾಳೆ ಸಿಗುತ್ತದೆ. ಅದನ್ನು ನಿಮ್ಮಿಬ್ಬರ ಮುಖಗಳ ನಡುವೆ ಹಿಡಿಯಿರಿ. ಅದರ ಅಂಚಿನ ಸುತ್ತ ಎಂಟು ಗುಂಪು ಅಕ್ಷರ ಅಂಟಿಸಿ. ಅವರು ಮೊದಲು ಗುಂಪಿನ ಕಡೆ ನೋಡುತ್ತಾರೆ, ನೀವು ಆ ಗುಂಪಿನ ಅಕ್ಷರಗಳನ್ನು ಒಂದೊಂದಾಗಿ ಹೇಳುತ್ತೀರಿ, ಸರಿಯಾದದ್ದು ಬಂದಾಗ ಕಣ್ಣು ಮೇಲೆ ಹೋಗುತ್ತದೆ. ಇಂಗ್ಲಿಷ್‌ನವರು ಅಕ್ಷರಗಳನ್ನು ಎಂಟು ಗುಂಪು ಮಾಡಿ, ಯಾವುದು ಎಲ್ಲಿದೆ ಅಂತ ಕಲಿಯಬೇಕು. ನಮಗೆ ಆ ಕಷ್ಟವೇ ಇಲ್ಲ. ಕವರ್ಗ, ಚವರ್ಗ, ಟವರ್ಗ, ತವರ್ಗ, ಪವರ್ಗ, ಯರಲವ, ಶಷಸಹಳ, ಸ್ವರಗಳು. ಎಣಿಸಿ ನೋಡಿ, ಸರಿಯಾಗಿ ಎಂಟು! ಒಂದನೇ ಕ್ಲಾಸಿನಲ್ಲಿ ಕಲಿತದ್ದೇ ಸಾಕು. ನಿಮ್ಮ ಅಪ್ಪನಿಗಂತೂ ನಿದ್ದೆಯಲ್ಲೂ ಬರುತ್ತದೆ.

ವೇಗಕ್ಕೆ ಎರಡು ಉಪಾಯ. ಗುಣಿತಾಕ್ಷರ, ಒತ್ತಕ್ಷರ ಕೇಳಬೇಡಿ, ವ್ಯಂಜನ ಮಾತ್ರ ತಗೊಳ್ಳಿ. ಕ, ಪ ಅಂದರೆ ಕಾಫಿ. ನ, ರ ಅಂದರೆ ನೀರು. ಮಹಾಪ್ರಾಣಗಳನ್ನೂ ಙ, ಞಗಳನ್ನೂ ಬಿಟ್ಟುಬಿಡಿ. ಕವರ್ಗದಲ್ಲಿ ಎರಡೇ ಅಕ್ಷರ ಉಳಿಯುತ್ತದೆ, ಟವರ್ಗದಲ್ಲಿ ಮೂರು. ಪದ ಅರ್ಧಕ್ಕೆ ಬಂದಾಗಲೇ ಊಹಿಸಿ ಹೇಳಿ. ಆದರೆ ಊಹಿಸುವ ಮುಂಚೆ ಒಮ್ಮೆ ಕೇಳಿ, ನಾನು ಊಹಿಸಲಾ ಅಂತ. ಕೆಲವರಿಗೆ ಅರ್ಧದಲ್ಲಿ ಬಾಯಿ ಹಾಕಿದರೆ ಇಷ್ಟ ಆಗುವುದಿಲ್ಲ.

ಇನ್ನೊಂದು ಮುಖ್ಯ ವಿಷಯ. ಫೋನುಗಳಲ್ಲಿ ಅಪ್ಪನ ಹಳೆಯ ವಾಯ್ಸ್ ಮೆಸೇಜ್ ಇದ್ದರೆ ಒಂದನ್ನೂ ಅಳಿಸಬೇಡಿ. ಎಲ್ಲವನ್ನೂ ಒಂದು ಕಡೆ ಕೂಡಿಡಿ. ಮದುವೆ ವಿಡಿಯೋ, ಶಾಲೆಯ ವಾರ್ಷಿಕೋತ್ಸವದ ಭಾಷಣ, ಏನೇ ಇರಲಿ. ಈ ಚರ್ಚೆ ಓದುತ್ತಿರುವ ಬೇರೆಯವರಿಗೂ ಹೇಳುತ್ತೇನೆ: ಎಎಲ್‌ಎಸ್ ಅಂತ ಗೊತ್ತಾದ ವಾರವೇ, ಮಾತು ಚೆನ್ನಾಗಿ ಇರುವಾಗಲೇ, ದಿನಾ ಆಡುವ ಮಾತುಗಳನ್ನು ಅವರದೇ ಧ್ವನಿಯಲ್ಲಿ ರೆಕಾರ್ಡ್ ಮಾಡಿ. ಮೆಸೇಜ್ ಬ್ಯಾಂಕಿಂಗ್ ಅಂತಾರೆ. ಅದಕ್ಕೆ ಯಾವ ಭಾಷೆಯಾದರೂ ಆಗುತ್ತದೆ. ನನ್ನ ಹತ್ತಿರ ಬರುವವರಲ್ಲಿ ಹೆಚ್ಚಿನವರು ಮಾತು ಹೋದ ಮೇಲೆ ಬರುತ್ತಾರೆ. ಯಾರೂ ಅವರಿಗೆ ಮುಂಚೆ ಹೇಳಿರುವುದಿಲ್ಲ. ಅದು ನನಗೆ ಯಾವಾಗಲೂ ಸಂಕಟ.

ತುಂಗಾ_ತೀರ

ಇಬ್ಬರಿಗೂ ಕೈಮುಗಿದೆ. ನಾಳೆಯೇ ಹಲಗೆ ಮಾಡಿಸುತ್ತೇನೆ. ಅಪ್ಪನ ವಾಯ್ಸ್ ಮೆಸೇಜ್ ನನ್ನ ಫೋನಿನಲ್ಲಿ ಹುಡುಕಿದೆ. 41 ಸಿಕ್ಕವು. ಹೆಚ್ಚಿನವು ಪುಟ್ಟೀ ಊಟ ಆಯ್ತಾ, ಬಸ್ ಸಿಕ್ತಾ ಅಂತ. ಕೂತು ಎಲ್ಲ ಕೇಳಿದೆ.

ಗಾಲಿ_ಹುಬ್ಬಳ್ಳಿ

ತುಂಗಾ ಅವರ ಅಪ್ಪನಿಗೆ ಒಳ್ಳೆಯದಾಗಲಿ. ಆದರೆ ಈ ಚಿಪ್‌ನ ಮಾತು ಬಂದಾಗ ನನಗೆ ಸ್ವಲ್ಪ ಸಿಟ್ಟು ಬರುತ್ತದೆ. ಯಾಕೆ ಅಂತ ಹೇಳಬೇಕು.

ಬೈಕ್ ಅಪಘಾತವಾಗಿ ನನ್ನ ಬೆನ್ನುಹುರಿಗೆ ಪೆಟ್ಟಾಗಿ ಹದಿಮೂರು ವರ್ಷ. ಸ್ವಿಟ್ಜರ್ಲೆಂಡಿನಲ್ಲಿ ಗೆರ್ಟ್ ಯಾನ್ ಓಸ್ಕಾಮ್ ಎಂಬ ಡಚ್ ಮನುಷ್ಯ ಮೆದುಳು ಮತ್ತು ಬೆನ್ನುಹುರಿ ಎರಡಕ್ಕೂ ಸಾಧನ ಹಾಕಿಸಿಕೊಂಡು ನಡೆದ ಸುದ್ದಿ 2023ರಲ್ಲಿ ಬಂತು. ಒಂದೇ ದಿನ 17 ಜನ ಅದನ್ನು ನನಗೆ ಕಳಿಸಿದರು. ಸಂತೋಷದಿಂದಲೇ ಕಳಿಸಿದರು, ಗೊತ್ತು. ಅದೇ ವಾರ ನಾನು ಕೂತಲ್ಲಿ ಆದ ಹುಣ್ಣಿಗೆ ಆಸ್ಪತ್ರೆಯಲ್ಲಿದ್ದೆ. ಒಂದು ಶಿಬಿರದಲ್ಲಿ ಕೊಟ್ಟ ಗಾಲಿಕುರ್ಚಿ. ಅಳತೆ ತೆಗೆದಿರಲಿಲ್ಲ, ಮೆತ್ತೆ ಇರಲಿಲ್ಲ. ಎಲ್ಲರಿಗೂ ಒಂದೇ ಗಾತ್ರ. ಸರಿಯಾದ ಮೆತ್ತೆ ಒಂದಿದ್ದಿದ್ದರೆ ಎರಡು ತಿಂಗಳು ಹಾಸಿಗೆಯಲ್ಲಿ ಬೋರಲು ಮಲಗುವುದು ತಪ್ಪುತ್ತಿತ್ತು.

ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ 2022ರಲ್ಲಿ ಒಂದು ವರದಿ ಕೊಟ್ಟವು. ಕನ್ನಡಕ, ಕಿವಿಯಂತ್ರ, ಗಾಲಿಕುರ್ಚಿ, ಮಾತಿನ ಆ್ಯಪ್‌ನಂಥ ಯಾವುದಾದರೂ ಒಂದು ಸಾಧನ ಬೇಕಾದವರು ಜಗತ್ತಿನಲ್ಲಿ 250 ಕೋಟಿಗೂ ಜಾಸ್ತಿ. ಅವರಲ್ಲಿ ಹತ್ತಿರ ಹತ್ತಿರ 100 ಕೋಟಿ ಜನಕ್ಕೆ ಅದು ಸಿಕ್ಕಿಲ್ಲ. 2011ರ ಜನಗಣತಿಯಲ್ಲಿ ನಮ್ಮ ಕರ್ನಾಟಕದಲ್ಲೇ 13 ಲಕ್ಷಕ್ಕೂ ಜಾಸ್ತಿ ಅಂಗವಿಕಲರಿದ್ದರು. ಅದು ಹಳೆಯ ಲೆಕ್ಕ. ಆಗ ಏಳೆಂಟು ಬಗೆ ಮಾತ್ರ ಎಣಿಸುತ್ತಿದ್ದರು. 2016ರ ಕಾಯ್ದೆ ಬಂದ ಮೇಲೆ 21 ಬಗೆ.

ನಮಗೆ ಏನು ಬೇಕು ಅಂತ ನಮ್ಮನ್ನೇ ಕೇಳಿದ ಸಮೀಕ್ಷೆ ಒಂದಿದೆ. 2004ರಲ್ಲಿ ಅಮೆರಿಕದ ಕಿಮ್ ಆಂಡರ್ಸನ್ ಪ್ರಕಟಿಸಿದ್ದು. ಬೆನ್ನುಹುರಿಗೆ ಪೆಟ್ಟಾದ 681 ಜನರನ್ನು ಕೇಳಿದ್ದರು. ಕೈಯೂ ಹೋದವರು ಕೈ ಬೇಕು ಅಂದರು. ಕಾಲು ಮಾತ್ರ ಹೋದವರು ಮೊದಲು ಹೇಳಿದ್ದು ದಾಂಪತ್ಯದ ಸುಖ. ಮೂತ್ರ, ಮಲದ ಹಿಡಿತ ಎಲ್ಲರಿಗೂ ಮುಖ್ಯವಾಗಿತ್ತು. ನಡೆಯುವುದು ಎರಡೂ ಗುಂಪಿನಲ್ಲಿ ಮೊದಲನೆಯದಲ್ಲ. ಹೊರಗಿನವರಿಗೆ ನಾವು ನಡೆಯಬೇಕು ಅಂತ ಆಸೆ. ನಮಗೆ ಬಸ್ ಸ್ಟ್ಯಾಂಡಿನಲ್ಲಿ ಬೀಗ ಹಾಕದ ಒಂದು ಶೌಚಾಲಯ ಸಿಕ್ಕರೆ ಸಾಕು ಅನಿಸುತ್ತದೆ.

ಸಿಗ್ನಲ್_ಹುಡುಗ

ಗಾಲಿ ಅಣ್ಣ, ನೀವು ಹೇಳಿದ್ದರಲ್ಲಿ ಒಂದು ಅಕ್ಷರವೂ ತಪ್ಪಿಲ್ಲ. ಆದರೆ ಇದು ಅಥವಾ ಅದು ಅಂತ ಆಗಬಾರದು ಅನ್ನೋದು ನನ್ನ ಆಸೆ. ಆ ಸಮೀಕ್ಷೆಯಲ್ಲಿ ಕೈಯೂ ಹೋದವರ ಪೈಕಿ ಅರ್ಧದಷ್ಟು ಜನ ಕೈ ಬೇಕು ಅಂದಿದ್ದರಲ್ವಾ? ಅವರಿಗೆ ಈ ಸಂಶೋಧನೆ ದಾರಿ ತೆರೆಯಬಹುದು. 2011ರಲ್ಲಿ ಕ್ಯಾಥಿ ಹಚಿನ್ಸನ್ ಎಂಬವರು ಯಂತ್ರದ ಕೈಯನ್ನು ಮೆದುಳಿನಿಂದಲೇ ಆಡಿಸಿ, ಬಾಟಲಿ ಎತ್ತಿ ಕಾಫಿ ಕುಡಿದರು. ಪಾರ್ಶ್ವವಾಯು ಹೊಡೆದು ಹದಿನೈದು ವರ್ಷವಾಗಿತ್ತು. ಅಷ್ಟು ವರ್ಷ ಬೇರೆಯವರು ಬಾಯಿಗಿಟ್ಟದ್ದನ್ನು ಕುಡಿದವರಿಗೆ ಆ ಒಂದು ಗುಟುಕು ಎಂಥದ್ದು ಅಂತ ನೀವು ನನಗಿಂತ ಚೆನ್ನಾಗಿ ಬಲ್ಲಿರಿ.

ಗಾಲಿ_ಹುಬ್ಬಳ್ಳಿ

ಬಲ್ಲೆ. ಆ ಗುಟುಕಿನ ಬಗ್ಗೆ ನನಗೆ ತಕರಾರಿಲ್ಲ. ಟ್ರಯಲ್ ಮುಗಿದ ಮೇಲೆ ಏನು ಅನ್ನೋದು ನನ್ನ ಪ್ರಶ್ನೆ.

ಇಯಾನ್ ಬರ್ಕ್‌ಹಾರ್ಟ್ ಅಂತ ಒಹಾಯೋದವರು. 2014ರಲ್ಲಿ ಚಿಪ್ ಹಾಕಿಸಿಕೊಂಡರು. ಮೆದುಳಿನ ಸಿಗ್ನಲ್‌ನಿಂದ ತಮ್ಮದೇ ಕೈಯ ಸ್ನಾಯುಗಳನ್ನು ಆಡಿಸಿದರು, ಗಿಟಾರ್ ವಿಡಿಯೋ ಗೇಮ್ ಕೂಡ ಆಡಿದರು. 2021ರಲ್ಲಿ ಅದನ್ನು ತೆಗೆಯಬೇಕಾಯಿತು. ಅವರು ಈಗ ಚಿಪ್ ಹಾಕಿಸಿಕೊಂಡವರ ಒಂದು ಕೂಟ ಕಟ್ಟಿ, ಸಾಧನ ಮಾಡುವವರು ನಮ್ಮ ಮಾತು ಕೇಳಬೇಕು ಅಂತ ಕೆಲಸ ಮಾಡುತ್ತಿದ್ದಾರೆ. ಅದು ನನಗೆ ಬಹಳ ಹಿಡಿಸಿತು.

ಇನ್ನೊಂದು ಕಣ್ಣಿನ ಸಾಧನ, ಆರ್ಗಸ್ 2. ಸೆಕೆಂಡ್ ಸೈಟ್ ಎಂಬ ಅಮೆರಿಕದ ಕಂಪನಿಯದು. ರೆಟಿನಾ, ಅಂದರೆ ಕಣ್ಣಿನ ಒಳಪರದೆಯ ಮೇಲೆ 60 ಎಲೆಕ್ಟ್ರೋಡ್. ಬೆಳಕು, ಬಾಗಿಲಿನ ಅಂಚು, ಅಷ್ಟು ಕಾಣುತ್ತಿತ್ತು. ಜಗತ್ತಿನಲ್ಲಿ 350ಕ್ಕೂ ಹೆಚ್ಚು ಜನ ಹಾಕಿಸಿಕೊಂಡಿದ್ದರು. 2019ರಲ್ಲಿ ಕಂಪನಿ ಅದನ್ನು ಮಾಡುವುದು ನಿಲ್ಲಿಸಿತು, ಮರುವರ್ಷ ಮುಳುಗುವ ಹಂತಕ್ಕೆ ಬಂತು. ಕಣ್ಣಿನೊಳಗೆ ಸಾಧನ ಇದೆ, ಕೆಟ್ಟರೆ ರಿಪೇರಿ ಮಾಡುವವರಿಲ್ಲ. ಸೈಕಲ್ ಟ್ಯೂಬ್ ಪಂಕ್ಚರ್ ಆದರೆ ಹಳ್ಳಿಯಲ್ಲೂ ಹಾಕುವವರಿದ್ದಾರೆ. ತಲೆಯೊಳಗಿನದ್ದಕ್ಕೆ ಯಾರನ್ನು ಹುಡುಕಬೇಕು?

ಪುಟ್ಟನ_ಅಮ್ಮ, ತುಮಕೂರು

ಎಲ್ಲರದೂ ಓದಿದೆ. ನನ್ನ ಮಗನಿಗೆ ಒಂಬತ್ತು ವರ್ಷ. ಸೆರೆಬ್ರಲ್ ಪಾಲ್ಸಿ, ಅಂದರೆ ಎಳವೆಯಲ್ಲೇ ಮೆದುಳಿಗಾದ ತೊಂದರೆಯಿಂದ ಸ್ನಾಯುಗಳು ಹಿಡಿತಕ್ಕೆ ಬರುವುದಿಲ್ಲ. ಅವನಿಗೆ ಕೂಡಿಡಲು ಹಳೆಯ ಧ್ವನಿ ಇಲ್ಲ. ಅಕ್ಷರವೂ ಗೊತ್ತಿರಲಿಲ್ಲ, ಯಾಕೆಂದರೆ ಮೊದಲು ಹೋದ ಶಾಲೆಯಲ್ಲಿ ಮಾತಾಡದ ಮಗುವಿಗೆ ಅಕ್ಷರ ಕಲಿಸಿ ಏನು ಪ್ರಯೋಜನ ಅಂದಿದ್ದರು.

ನಾವು ಚಿತ್ರದಿಂದ ಶುರು ಮಾಡಿದೆವು. ಅನ್ನ, ನೀರು, ಹೊರಗೆ, ನೋವು, ಬೇಡ. ಬೇಡ ಅನ್ನುವ ಚಿತ್ರ ಕೊಟ್ಟ ದಿನ ಅವನು ಅದನ್ನೇ ಇಪ್ಪತ್ತು ಸಲ ತೋರಿಸಿದ. ಅಲ್ಲಿಯವರೆಗೆ ಅವನು ಬೇಡ ಅಂದದ್ದೇ ಇಲ್ಲ. ನಾವು ಕೊಟ್ಟದ್ದನ್ನೆಲ್ಲ ತಿನ್ನುತ್ತಿದ್ದ, ಹಾಕಿದ ಅಂಗಿ ಹಾಕಿಕೊಳ್ಳುತ್ತಿದ್ದ. ನಾನು ಒಳ್ಳೇ ಮಗು ಅಂತ ಅಂದುಕೊಂಡಿದ್ದೆ.

ಈಗ ಟ್ಯಾಬ್‌ನಲ್ಲಿ ಆವಾಜ್ ಆ್ಯಪ್ ಬಳಸುತ್ತಾನೆ. ಅದು ಚೆನ್ನೈಯಲ್ಲಿ ಮಾಡಿದ್ದು. ಚಿತ್ರ ಮುಟ್ಟಿದರೆ ಮಾತು ಬರುತ್ತದೆ. ಆದರೆ ಟ್ಯಾಬ್ ಮಾತಾಡಿದ ಮೇಲೆ ಎದುರಿನವರು ನಿಂತು ಕೇಳಬೇಕಲ್ಲ. ಅಂಗಡಿಯಲ್ಲಿ ಅವನು ಹುಡುಕಿ ಒತ್ತುವಷ್ಟರಲ್ಲಿ ಅಂಗಡಿಯವರು ನನ್ನನ್ನು ಕೇಳಿಬಿಡುತ್ತಾರೆ, ಏನು ಬೇಕಂತೆ ಅಂತ. ನಾನೀಗ ಉತ್ತರ ಕೊಡುವುದಿಲ್ಲ. ಮಗನ ಕಡೆ ಕೈ ತೋರಿಸಿ ಸುಮ್ನೆ ನಿಲ್ಲುತ್ತೇನೆ.

ಗಾಲಿಕುರ್ಚಿ, ಆಸನದ ವಿಷಯಕ್ಕೆ ಬೆಂಗಳೂರಿನ ಮೊಬಿಲಿಟಿ ಇಂಡಿಯಾ, ಎಪಿಡಿ (ಅಸೋಸಿಯೇಷನ್ ಆಫ್ ಪೀಪಲ್ ವಿತ್ ಡಿಸೆಬಿಲಿಟಿ), ಇಂಥ ಮಕ್ಕಳಿಗೆ ಸ್ಪಾಸ್ಟಿಕ್ಸ್ ಸೊಸೈಟಿ ಆಫ್ ಕರ್ನಾಟಕ, ಮಾತಿನ ವಿಷಯಕ್ಕೆ ಮೈಸೂರಿನ ವಾಕ್ ಶ್ರವಣ ಸಂಸ್ಥೆ ಇವೆ. ಹೊಸಬರು ಯಾರಾದರೂ ಓದುತ್ತಿದ್ದರೆ ಅಲ್ಲಿಂದ ಶುರು ಮಾಡಿ. ಯುಡಿಐಡಿ ಕಾರ್ಡ್, ಅಂದರೆ ಅಂಗವಿಕಲರ ಗುರುತಿನ ಚೀಟಿ, ಮಾಡಿಸಿಲ್ಲದಿದ್ದರೆ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರನ್ನು ಹಿಡಿಯಿರಿ.

ಕಿವಿಯಲ್ಲಿ_ಓದು, ಮಂಗಳೂರು

ನಾನು ಅಂಧ. ಈ ಇಡೀ ಚರ್ಚೆಯನ್ನು ಎನ್‌ವಿಡಿಎ ನನಗೆ ಓದಿ ಹೇಳಿತು. ಅದೊಂದು ಉಚಿತ ಸಾಫ್ಟ್‌ವೇರ್. ಆಸ್ಟ್ರೇಲಿಯಾದ ಇಬ್ಬರು ಅಂಧ ಗೆಳೆಯರು, ಮೈಕೆಲ್ ಕರನ್ ಮತ್ತು ಜೇಮ್ಸ್ ತೇ, ಕಟ್ಟಿದ್ದು. 2006ರಲ್ಲಿ ಶುರುವಾಯಿತು. ಅದಕ್ಕೂ ಮುಂಚೆ ಇಂಥ ಸಾಫ್ಟ್‌ವೇರ್‌ನ ಬೆಲೆ ಕಂಪ್ಯೂಟರ್‌ಗಿಂತ ಜಾಸ್ತಿ ಇರುತ್ತಿತ್ತು. ಅದು ಕನ್ನಡ ಓದುತ್ತದೆ. ಧ್ವನಿ ಸ್ವಲ್ಪ ಯಂತ್ರದ್ದು, ಆದರೆ ನನ್ನ ಸಂಬಳ, ನನ್ನ ಓದು, ಎಲ್ಲ ಅದರ ಮೇಲೆ ನಿಂತಿದೆ.

ನನ್ನ ಪ್ರಶ್ನೆ ಭಾಷೆಯದು. ಮೆದುಳಿನ ಸಾಧನ ಬಂದರೂ ಅದಕ್ಕೆ ಕನ್ನಡ ಬರುತ್ತದಾ?

ಸಿಗ್ನಲ್_ಹುಡುಗ

ಒಳ್ಳೆಯ ಪ್ರಶ್ನೆ. ಇದರ ಬಗ್ಗೆ ನಾನು ದಿನಾ ಯೋಚಿಸುತ್ತೇನೆ.

ಯುಸಿ ಡೇವಿಸ್, ಸ್ಟ್ಯಾನ್‌ಫರ್ಡ್ ಎರಡೂ ವಿಶ್ವವಿದ್ಯಾಲಯಗಳಲ್ಲಿ ಯಂತ್ರ ಮೊದಲು ಹಿಡಿಯುವುದು ಪದವನ್ನಲ್ಲ, ಧ್ವನಿಗಳನ್ನು. ಇಂಗ್ಲಿಷ್‌ಗೆ 39 ಧ್ವನಿ ಅಂತ ಇಟ್ಟುಕೊಂಡಿದ್ದಾರೆ. ಅದರಲ್ಲಿ ತಪ್ಪಾಗುತ್ತದೆ. ಆ ತಪ್ಪನ್ನು ಇನ್ನೊಂದು ಪ್ರೋಗ್ರಾಂ, ಇಂಗ್ಲಿಷ್ ವಾಕ್ಯಗಳನ್ನು ರಾಶಿ ರಾಶಿ ಓದಿದ್ದು, ತಿದ್ದುತ್ತದೆ. ಈ ಪದದ ಮುಂದೆ ಈ ಪದ ಬರುವ ಸಂಭವ ಜಾಸ್ತಿ ಅಂತ.

ಕನ್ನಡಕ್ಕೆ ಬಂದರೆ ಎರಡು ಕಡೆ ತೊಡಕು. ನಮ್ಮಲ್ಲಿ ಉದ್ದ ಬದಲಾದರೆ ಅರ್ಥವೇ ಬದಲು. ಬಳೆ, ಬಾಳೆ. ಎಲೆ, ಎಲ್ಲೆ. ನಾಲಿಗೆ ಎಲ್ಲಿ ತಾಗಬೇಕೋ ಅಲ್ಲೇ ತಾಗುತ್ತದೆ, ಎಷ್ಟು ಹೊತ್ತು ನಿಂತಿತು ಅನ್ನೋದಷ್ಟೇ ಬೇರೆ. ಅದನ್ನು ಮೆದುಳಿನ ಸಿಗ್ನಲ್‌ನಲ್ಲಿ ಬಿಡಿಸಬೇಕು. ಎರಡನೆಯದು ಪದಗಳ ಪಟ್ಟಿ. ಇಂಗ್ಲಿಷ್‌ಗೆ 1,25,000 ಪದ ಸಾಕು. ನಮ್ಮಲ್ಲಿ ಹೋಗು ಅನ್ನುವ ಒಂದೇ ಕ್ರಿಯಾಪದ ಹೋಗಬೇಕಾಗಿತ್ತು, ಹೋಗಬಾರದಿತ್ತಲ್ಲ, ಹೋಗೋಣ್ವಾ ಅಂತ ಬೆಳೆಯುತ್ತಾ ಹೋಗುತ್ತದೆ. ಪಟ್ಟಿ ಮಾಡಿ ಮುಗಿಯುವುದಿಲ್ಲ, ಪದ ಕಟ್ಟುವ ಬಗೆಯನ್ನೇ ಯಂತ್ರಕ್ಕೆ ಕಲಿಸಬೇಕು. ಅದೂ ನಾವು ಆಡುವ ಕನ್ನಡದಲ್ಲಿ. ಧಾರವಾಡದವರ ಹೋಗಬೇಕಾಗಿತ್ತು ಬೇರೆ, ಮಂಡ್ಯದವರದು ಬೇರೆ.

ಇದೇನೂ ಆಗದ ಕೆಲಸ ಅಲ್ಲ. ಬೆಂಗಳೂರಿನ ಐಐಎಸ್‌ಸಿಯಲ್ಲಿ ಕನ್ನಡ ಧ್ವನಿಮುದ್ರಣಗಳ ದೊಡ್ಡ ಸಂಗ್ರಹ ಮಾಡಿದ್ದಾರೆ. ನಿಮ್ಹಾನ್ಸ್ ಜೊತೆ ಸೇರಿ ಎಎಲ್‌ಎಸ್ ಇರುವವರ ಮಾತಿನ ಮೇಲೂ ಸಂಶೋಧನೆ ಮಾಡಿದ್ದಾರೆ. ಚಿಪ್ ಬರಲಿ ಬಿಡಲಿ, ಕನ್ನಡದಲ್ಲಿ ಮುಂದಿನ ಪದ ಸರಿಯಾಗಿ ಊಹಿಸುವ ಒಂದು ಕೀಬೋರ್ಡ್ ಇವತ್ತೇ ಬೇಕು. ಕಣ್ಣಿನಲ್ಲಿ ಟೈಪ್ ಮಾಡುವವರಿಗೆ ಒಂದು ಒತ್ತು ಉಳಿದರೂ ಉಸಿರು ಉಳಿದ ಹಾಗೆ.

ಸ್ಯಾಕ್ರಮೆಂಟೋ_ಕನ್ನಡತಿ

ನಾನು ಯುಸಿ ಡೇವಿಸ್ ಆಸ್ಪತ್ರೆ ಇರುವ ಊರಿನಲ್ಲೇ ಇದ್ದೇನೆ. ಊರಿಂದ ಎರಡು ಸಲ ಫೋನ್ ಬಂದಿದೆ, ನಮ್ಮವರನ್ನು ಅಲ್ಲಿ ಸೇರಿಸಲು ಆಗುತ್ತದಾ ಅಂತ. ಟ್ರಯಲ್‌ಗೆ ಸೇರಲು ಆ ಆಸ್ಪತ್ರೆಯ ಹತ್ತಿರ ಇರಬೇಕು, ವರ್ಷಗಟ್ಟಲೆ ವಾರವಾರ ತಂಡದವರು ಮನೆಗೆ ಬರಬೇಕು. ತಲೆಯ ಮೇಲಿನ ಕನೆಕ್ಟರ್‌ಗೆ ವೈರ್ ಸಿಕ್ಕಿಸಿ ಕೂರಬೇಕು. ವೀಸಾ ತಗೊಂಡು ಬಂದು ಹಾಕಿಸಿಕೊಂಡು ಹೋಗುವ ಆಪರೇಷನ್ ಅಲ್ಲ ಇದು.

ಭಾರತದಲ್ಲಿ ಯಾರಾದರೂ ಟ್ರಯಲ್ ಅಂತ ಹೇಳಿದರೆ ಸಿಟಿಆರ್‌ಐ, ಅಂದರೆ ಭಾರತದ ಟ್ರಯಲ್‌ಗಳ ದಾಖಲೆ ಪಟ್ಟಿ, ಅದರ ನೋಂದಣಿ ಸಂಖ್ಯೆ ಕೇಳಿ. 2009ರಿಂದ ಅದು ಕಡ್ಡಾಯ. ಸಂಖ್ಯೆ ಇಲ್ಲ, ಆದರೆ ದುಡ್ಡು ಕೊಡಿ ಅಂದರೆ ಫೋನ್ ಇಡಿ.

ತುಂಗಾ_ತೀರ

ಹನ್ನೆರಡು ದಿನ ಆಯಿತು. ಬರೆಯಲು ಆಗಿರಲಿಲ್ಲ, ಈಗ ಹೇಳುತ್ತೇನೆ.

ಹಲಗೆ ಆಯಿತು. ಹಾಳೆ, ಸ್ಟಿಕರ್ ಎಲ್ಲ ಸೇರಿ 400 ರೂಪಾಯಿ. ಥೆರಪಿ ಮೇಡಂ ಹೇಳಿದ ಹಾಗೆ ಮಹಾಪ್ರಾಣ ಬಿಟ್ಟು ಅಂಟಿಸಿದ್ದೆ. ಮೊದಲ ದಿನ ಅಪ್ಪ ತವರ್ಗದ ಕಡೆ ನೋಡಿದರು. ನಾನು ತ ಅಂದೆ, ದ ಅಂದೆ, ನ ಅಂದೆ. ಯಾವುದಕ್ಕೂ ಕಣ್ಣು ಮೇಲೆ ಹೋಗಲಿಲ್ಲ. ಮತ್ತೆ ಹೇಳಿದೆ. ಮತ್ತೆ ಅದೇ. ಹುಬ್ಬು ಗಂಟಿಕ್ಕಿತು. ಅಮ್ಮ ಬಾಗಿಲಲ್ಲಿ ನಿಂತು ನೋಡುತ್ತಿದ್ದವಳು, ಅವರಿಗೆ ಧ ಬೇಕು ಕಣೇ ಅಂದಳು. ಧ ಅಂದೆ, ಕಣ್ಣು ಮೇಲೆ ಹೋಯಿತು. ಆಮೇಲೆ ನ. ಧನ್ಯವಾದ ಅಂತ ಹೇಳಲು ಹೊರಟಿದ್ದರು, ಅಮ್ಮನಿಗೆ. ಅದನ್ನು ದ ಹಾಕಿ ಹೇಳಲು ಅವರು ಒಪ್ಪಲಿಲ್ಲ. ಅವತ್ತು ರಾತ್ರಿಯೇ ಹತ್ತು ಮಹಾಪ್ರಾಣಗಳನ್ನೂ ವಾಪಸ್ ಅಂಟಿಸಿದೆ.

ಎರಡನೇ ದಿನ ಹೇಳಿದ್ದು, ರಾತ್ರಿ ಎಡಗಿವಿ ದಿಂಬಿನ ಕೆಳಗೆ ಮಡಿಚಿಕೊಂಡು ನೋಯುತ್ತದೆ ಅಂತ. ನಾಲ್ಕು ತಿಂಗಳಿಂದ! ನಾವು ದಿನಾ ಅದೇ ಬದಿಗೆ ಮಲಗಿಸುತ್ತಿದ್ದೆವು. ನಾನು ಅವತ್ತು ಬಹಳ ಅತ್ತೆ.

ಚಿಕ್ಕಪ್ಪನಿಗೆ ಈ ಚರ್ಚೆಯನ್ನು ಓದಿ ಹೇಳಿದೆ. ತೋಟದ ಮಾತು ನಿಂತಿದೆ. ಬ್ಯಾಂಡಿನವರು ಮತ್ತೆ ಫೋನ್ ಮಾಡಿದಾಗ ನೋಂದಣಿ ಸಂಖ್ಯೆ ಕೇಳಿದೆ, ಅವರೇ ಇಟ್ಟರು.

ಚಿಪ್ ವಿಷಯ ಅಪ್ಪನಿಗೂ ಹೇಳಿದೆ. ಅವರು ಹಲಗೆಯಲ್ಲಿ ಒಂದು ಪ್ರಶ್ನೆ ಕೇಳಿದ್ದಾರೆ, ನಿಮಗೆ ಕೇಳು ಅಂದಿದ್ದಾರೆ: ಮನಸ್ಸಿನಲ್ಲಿ ಅಂದುಕೊಂಡದ್ದೆಲ್ಲ ಹೊರಗೆ ಬಂದುಬಿಡುತ್ತದಾ?

ಸಿಗ್ನಲ್_ಹುಡುಗ

ಮೇಷ್ಟ್ರಿಗೆ ನಮಸ್ಕಾರ. ಈಗಿನ ಸಾಧನಗಳು ಹಿಡಿಯುವುದು ಮಾತಾಡುವ ಪ್ರಯತ್ನವನ್ನು. ಸುಮ್ಮನೆ ಯೋಚಿಸುತ್ತಾ ಕೂತರೆ ಪದ ಬರುವುದಿಲ್ಲ. ಆದರೆ ನಿಮ್ಮ ಅನುಮಾನ ಸರಿಯಾದ ಜಾಗದಲ್ಲೇ ಇದೆ. 2025ರಲ್ಲಿ ಸ್ಟ್ಯಾನ್‌ಫರ್ಡ್‌ನವರು ಮನಸ್ಸಿನೊಳಗೆ ಹೇಳಿಕೊಂಡ ವಾಕ್ಯವನ್ನೂ ಸ್ವಲ್ಪ ಮಟ್ಟಿಗೆ ಓದಬಹುದು ಅಂತ ತೋರಿಸಿದರು. ಅದೇ ಪ್ರಯೋಗದಲ್ಲಿ ಬೀಗವನ್ನೂ ಮಾಡಿದ್ದಾರೆ. ಒಂದು ಗುಟ್ಟಿನ ಮಾತನ್ನು ಮನಸ್ಸಿನಲ್ಲಿ ಅಂದುಕೊಂಡರೆ ಮಾತ್ರ ಯಂತ್ರ ಕೇಳಲು ಶುರು ಮಾಡುತ್ತದೆ. ಚಿಲಿ ದೇಶ 2021ರಲ್ಲೇ ಮೆದುಳಿನ ಮಾಹಿತಿಯನ್ನು ಕಾಪಾಡಬೇಕು ಅಂತ ಸಂವಿಧಾನಕ್ಕೆ ತಿದ್ದುಪಡಿ ಮಾಡಿತು. ನಮ್ಮಲ್ಲೂ ಸಾಧನ ಬರುವ ಮುಂಚೆಯೇ ಕಾನೂನು ಬರಬೇಕು ಅನ್ನೋದು ನನ್ನ ಅಭಿಪ್ರಾಯ.

ಧ್ವನಿ_ಥೆರಪಿ

ಮಹಾಪ್ರಾಣದ ವಿಷಯದಲ್ಲಿ ನಾನು ಸೋತೆ, ಸಂತೋಷವಾಗಿ. ಇನ್ನು ಮುಂದೆ ಹಲಗೆ ಮಾಡಿಸುವ ಮುಂಚೆ ಆ ಮನುಷ್ಯ ಏನು ಕೆಲಸ ಮಾಡುತ್ತಿದ್ದರು ಅಂತ ಕೇಳುತ್ತೇನೆ.

ಮುಂದಿನ ಹೆಜ್ಜೆ: ಆಂಡ್ರಾಯ್ಡ್ ಫೋನಿನಲ್ಲಿ ಸ್ವಿಚ್ ಆ್ಯಕ್ಸೆಸ್ ಅಂತ ಇದೆ. ಮುಂದಿನ ಕ್ಯಾಮೆರಾ ಹುಬ್ಬು ಏರಿದ್ದನ್ನು ನೋಡಿ ಬಟನ್ ಒತ್ತಿದ ಹಾಗೆ ತಗೊಳ್ಳುತ್ತದೆ. ಫೋನಿಗೊಂದು ಸ್ಟ್ಯಾಂಡ್ ತಗೊಳ್ಳಿ. ಸ್ಟೀಫನ್ ಹಾಕಿಂಗ್ ಕೊನೆಯ ವರ್ಷಗಳಲ್ಲಿ ಕೆನ್ನೆಯ ಒಂದೇ ಸ್ನಾಯುವಿನಿಂದ ಬರೆಯುತ್ತಿದ್ದರು. ಅವರಿಗಾಗಿ ಇಂಟೆಲ್ ಮಾಡಿದ ಸಾಫ್ಟ್‌ವೇರ್ 2015ರಿಂದ ಎಲ್ಲರಿಗೂ ಉಚಿತ. ಹುಬ್ಬು ದಣಿಯುತ್ತಾ ಬಂದರೆ ಕಣ್ಣಿನ ಚಲನೆ ಹಿಡಿಯುವ ಕ್ಯಾಮೆರಾ ನೋಡೋಣ. ಆದರೆ ಹಲಗೆಯನ್ನು ಎಸೆಯಬೇಡಿ. ಕರೆಂಟ್ ಹೋದಾಗ ಅದೇ.

ಗಾಲಿ_ಹುಬ್ಬಳ್ಳಿ

ತುಂಗಾ, ಕಿವಿಗೆ ನಡುವೆ ತೂತಿರುವ ದಿಂಬು ಮಾಡಿಸಿ. ನಾನು ಅಳತೆ ಕಳಿಸುತ್ತೇನೆ, ನಮ್ಮ ಓಣಿಯ ಹಾಸಿಗೆ ಅಂಗಡಿಯವರು ಹೊಲಿದು ಕೊಡುತ್ತಾರೆ.

ತುಂಗಾ_ತೀರ

ಕಳಿಸಿ ಅಣ್ಣ. ಈ ಚರ್ಚೆಯನ್ನು ಅಪ್ಪನಿಗೆ ಫೋನಿನಲ್ಲಿ ತೋರಿಸುತ್ತಾ ಓದುತ್ತಿದ್ದೆ. ಒಂದು ಕಡೆ ಹುಬ್ಬು ಗಂಟಿಕ್ಕಿತು. ಹಲಗೆ ಹಿಡಿದೆ. ಹನ್ನೊಂದು ನಿಮಿಷ ಆಯಿತು. ಸಿಗ್ನಲ್ ಅವರು ಮೊದಲ ಉತ್ತರದಲ್ಲಿ ವಿದ್ಯುತ್ ಅನ್ನುವುದಕ್ಕೆ ಮಹಾಪ್ರಾಣ ಹಾಕಿದ್ದಾರಂತೆ. ಅಲ್ಲಿ ಬೇಡವಂತೆ.

ಸಿಗ್ನಲ್_ಹುಡುಗ

ತಿದ್ದಿದ್ದೇನೆ ಮೇಷ್ಟ್ರೇ.